ಅಟ್ಟದ ಮೇಲೊಂದು ಗೂಡ್ಸ್ ಗಾಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಗೆ ರೈಲಿಲ್ಲ. ರೈಲು ಬೇಕಾದರೆ ಘಟ್ಟ ಇಳಿದು ಕುಮಟೆಗೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿ ಬಸ್ಸು ಹತ್ತಬೇಕು. ನಮ್ಮ ಸಿದ್ದಾಪುರದ ಕಡೆಯವರಿಗೆ ತಾಳಗುಪ್ಪವೇ ಗತಿ. ನಾನು ಚಿಕ್ಕವನಿದ್ದಾಗ ಅಲ್ಲಿಗೆ ಮೀಟರ್‌ಗೇಜ್ ಹಳಿಯ ಮೇಲೆ ರೈಲುಬಸ್ಸು ಬರುತ್ತಿತ್ತು. ಅದನ್ನು ನೋಡಿ ಬಂದವನು ಶಾಲೆಯಲ್ಲಿ ಒಂದು ವಾರ ದೊಡ್ಡ ಮನುಷ್ಯ.

ಇಂಥ ಊರಿನವನು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದು ಎಲ್ಲಿ? ರೈಲ್ವೆ ಕಾರ್ಖಾನೆಯಿಂದಲೇ ಬೆಳೆದ ಸ್ವಿಂಡನ್ನಿನಲ್ಲಿ. ಹುಚ್ಚು ಹಿಡಿಯದೆ ಇರುತ್ತದೆಯೇ? ಹೋದ ವರ್ಷ ಹಾರ್ನ್‌ಬಿ ಕಂಪನಿಯ ‘ಈವನಿಂಗ್ ಸ್ಟಾರ್’ ಮಾಡೆಲ್ ಕೊಂಡುಬಿಟ್ಟೆ. 9ಎಫ್ ಎಂಬ ಗೂಡ್ಸ್ ಎಂಜಿನ್ನುಗಳು 1954ರಿಂದ 1960ರೊಳಗೆ 251 ತಯಾರಾದವು. ಕೊನೆಯದೇ ಈ 92220, ಹುಟ್ಟಿದ್ದು ನಮ್ಮ ಸ್ವಿಂಡನ್ನಿನಲ್ಲಿ. ಬ್ರಿಟಿಷ್ ರೈಲ್ವೆ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ನೂ ಇದೇ. ಉಳಿದವೆಲ್ಲ ಕಪ್ಪು, ಇದೊಂದಕ್ಕೆ ಮಾತ್ರ ಹಸಿರು ಬಣ್ಣ, ಹೊಗೆಕೊಳವೆಗೆ ತಾಮ್ರದ ಅಂಚು. ಹೊರೆ ಹೊರುವ ಗಾಡಿಗೆ ಮದುವೆ ಅಲಂಕಾರ. ನನ್ನದು ಅದರ 76ನೇ ಒಂದು ಪಾಲು: ಗೇಣಿಗಿಂತ ಎರಡು ಬೆರಳು ಉದ್ದ, ಹಳಿಯ ಅಗಲ 16.5 ಮಿ.ಮೀ.

ಅದೇ ಹೊತ್ತಿಗೆ ಅಪ್ಪಯ್ಯ ಮೂರು ತಿಂಗಳಿಗೆಂದು ಬಂದರು.

“ಎಂತದೋ ತಮಾ ಇದು? ಎಷ್ಟು ಕೊಟ್ಟೆ?”

ಪೌಂಡಿನಲ್ಲಿ ಹೇಳಿದೆ. ಅವರ ಲೆಕ್ಕ ರೂಪಾಯಿಯಲ್ಲಿ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, “ಅರ್ಧ ಕ್ವಿಂಟಲ್ ರಾಶಿ ಅಡಿಕೆ ಹೋತು” ಎಂದರು. ಮೂಲ ಎಂಜಿನ್ನು 1960ರಲ್ಲಿ ಬಂದು 1965ಕ್ಕೇ ನಿವೃತ್ತಿಯಾಯಿತು ಎಂದಾಗಂತೂ, “ಐದೇ ವರ್ಷಕ್ಕೆ? ಅಡಿಕೆ ಸಸಿಯೂ ಫಲ ಕೊಡ್ತಿಲ್ಲೆ” ಎಂದು ಅದರ ಮೇಲಿದ್ದ ಅಷ್ಟಿಷ್ಟು ಗೌರವವನ್ನೂ ಕಿತ್ತುಹಾಕಿದರು.

ಆದರೆ ಎಂಜಿನ್ನನ್ನು ಮಗುಚಿ ನೋಡಿದಾಗ ಮೆತ್ತಗಾದರು. ಇದಕ್ಕೆ ದೊಡ್ಡ ಚಕ್ರ ಹತ್ತು, ಕಡೆಗೈದು. ಅಷ್ಟುದ್ದದ ಸಾಲು ತಿರುವಿನಲ್ಲಿ ಸಿಕ್ಕಿಕೊಳ್ಳಬಾರದೆಂದು ನಡುವಿನ ಜೋಡಿಗೆ ಹಳಿ ಹಿಡಿಯುವ ಅಂಚನ್ನೇ ಇಟ್ಟಿಲ್ಲ. ಹಳಿ ಎತ್ತ ಸರಿದರೂ ಅದು ಸುಮ್ಮನೆ ಮೇಲೆ ಜಾರಿಕೊಂಡು ಹೋಗುತ್ತದೆ. ಅಸಲಿಯಲ್ಲೂ ಹಾಗೇ, ಮಾಡೆಲ್ಲಿನಲ್ಲೂ ಹಾಗೇ. ಅಪ್ಪಯ್ಯ ಆ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಬಹಳ ಹೊತ್ತು ಕೂತರು. ಐವರು ಅಣ್ಣತಮ್ಮಂದಿರಲ್ಲಿ ಅವರು ಮೂರನೆಯವರು. ಹಿಸೆಯ ದಿನ ಎರಡೂ ಕಡೆಗೆ ಸರಿದು ಕೊಟ್ಟವರು.

ಮರುದಿನದಿಂದ ರೈಲ್ವೆ ಖಾತೆ ಅವರದೇ. ಊರಲ್ಲಿ ಅಟ್ಟ ಹತ್ತಿ ಅಡಿಕೆ ನೋಡುತ್ತಿದ್ದವರಿಗೆ ಹಳಿ ಹಾಸಲು ಆರಿಸಿದ ಇಲ್ಲಿಯ ಅಟ್ಟ ಪರಕೀಯವೆನಿಸಲಿಲ್ಲ; ತೊಲೆಗೆ ತಲೆ ಹೊಡೆದುಕೊಂಡದ್ದು ಎರಡೇ ಸಲ. ಬೆಂಕಿಪೊಟ್ಟಣದ ಮೇಲೆ ‘ತಾಳಗುಪ್ಪ’, ‘ಸಿದ್ದಾಪುರ’, ‘ಶಿರಸಿ’ ಎಂದು ಬರೆದು ಸ್ಟೇಷನ್ನು ಮಾಡಿದರು. ಸಿದ್ದಾಪುರದಿಂದ ಶಿರಸಿಗೆ 36 ಕಿಲೋಮೀಟರು. ಅಳತೆಗೆ ಸರಿಯಾಗಿ ಹಳಿ ಹಾಕಿದರೆ ಅರ್ಧ ಕಿಲೋಮೀಟರು ಬೇಕು, ಅಂದರೆ ಹನ್ನೆರಡು ಮನೆಯವರ ಹಿತ್ತಲು. ನಾವು ಅದನ್ನು ಎರಡು ಮೀಟರಿಗೆ ಇಳಿಸಿದೆವು. ಊರಿನಿಂದ ತಂದ ಚಾಲಿ ಅಡಿಕೆ ಕಲ್ಲಿದ್ದಲಿನ ವ್ಯಾಗನ್ನಿಗೆ ಮೂರರಂತೆ ಕೂತಿತು. ಶಿರಸಿಯಲ್ಲಿ ಗಾಡಿ ನಿಂತದ್ದೇ, 1923ರಿಂದ ನಡೆದುಬಂದ ತೋಟಗಾರ್ಸ್ ಸೇಲ್ ಸೊಸೈಟಿಗೆ ಮಾಲು ಇಳಿಸುವ ಶಾಸ್ತ್ರ. ಇಳಿದ ಮಾಲು ನೇರ ಅಪ್ಪಯ್ಯನ ಕವಳದ ಬಟ್ಟಲಿಗೆ.

ಹೆಂಡತಿ ಯಲ್ಲಾಪುರದವಳು. ಬಟ್ಟೆ ಒಣಗಿಸಲು ಅಟ್ಟ ಹತ್ತಿದವಳು ಸ್ಟೇಷನ್ನುಗಳನ್ನು ಒಂದೊಂದಾಗಿ ಓದಿದಳು.

“ಯಲ್ಲಾಪುರ ಎಲ್ಲಿದ್ದು?”

ಮಾವ ಉತ್ತರ ಹುಡುಕುವಷ್ಟರಲ್ಲಿ ಅವಳೇ ಮುಂದುವರಿಸಿದಳು. “ಹುಬ್ಬಳ್ಳಿ–ಅಂಕೋಲಾ ಲೈನು 1997-98ರ ಬಜೆಟ್ಟಲ್ಲೇ ಬಂದಿದ್ದು ಮಾವ. ನಿಂಗ್ಳ ತಾಳಗುಪ್ಪ–ಶಿರಸಿ ಲೈನು ಬರೀ ಸರ್ವೆ.”

ಮಾತು ಸುಳ್ಳಲ್ಲ. ಯಲ್ಲಾಪುರ ಹಾದು ಹೋಗಬೇಕಾದ ಆ ಮಾರ್ಗ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಕಡತದಲ್ಲೇ ಓಡಿತು. ಕಾಡೂ ನಮ್ಮದೇ, ರೈಲೂ ನಮಗೇ ಬೇಕು. ಊರಿಗೆ ಹೋದಾಗ ಯಾವ ಕಡೆ ಮಾತಾಡಿದರೂ ಒಬ್ಬ ಭಾವ ಮುನಿಸಿಕೊಳ್ಳುತ್ತಾನೆ. ಅಟ್ಟದಲ್ಲಿ ಮಾತ್ರ ಎರಡು ಯೋಜನೆಗೂ ಒಟ್ಟಿಗೆ ಮಂಜೂರಾತಿ ಸಿಕ್ಕಿತು. ಯಲ್ಲಾಪುರಕ್ಕೆ ಹಳಿ ಹಾಕುತ್ತ ಹೋದೆವು, ಸೂರಿನ ಕಿಟಕಿಯ ಕೆಳಗೆ ಬಂದು ನಿಂತೆವು. ಅಲ್ಲಿತ್ತು ಕರಿಬೇವಿನ ಕುಂಡ. ಈ ದೇಶದ ಚಳಿಯಲ್ಲಿ ಎರಡು ಗಿಡ ಸತ್ತ ಮೇಲೆ ಬದುಕಿದ ಮೂರನೆಯದು. ನಮ್ಮ ಮನೆಯಲ್ಲಿ ಬಿಸಿಲು ಬೀಳುವ ಜಾಗ ಅದೊಂದೇ.

“ಕುಂಡ ಒಂದು ಗೇಣು ಸರಿಸಿದರೆ?” ಎಂದೆ.

“ಮುಟ್ಟಿ ನೋಡಿ” ಎಂದಳು, ಯಲ್ಲಾಪುರದ ಲೈನು ಕೇಳಿದವಳೇ.

ಕುಂಡ ಬಳಸಿ ಹಾಕಿದ ತಿರುವು ಬಿಗಿಯಾಯಿತು. ನಡುವಿನ ಚಕ್ರ ಹೊಂದಿಕೊಂಡರೂ ಉಳಿದವು ಒಪ್ಪಲಿಲ್ಲ. ಎಂಜಿನ್ನು ಪಕ್ಕಕ್ಕೆ ಒರಗಿ, ಒಂಬತ್ತು ಅಡಿಕೆ ಉರುಳಿ ಏಣಿಯ ಕಿಂಡಿಯಿಂದ ಕೆಳಗೆ ಮಗಳ ತಲೆಯ ಮೇಲೆ ಬಿದ್ದವು. ಅಲ್ಲಿಗೆ ಕಾಮಗಾರಿ ಸ್ಥಗಿತ.

ಅಪ್ಪಯ್ಯ ಊರಿಗೆ ಹೋಗಿ ಐದು ತಿಂಗಳಾಯಿತು. ಭಾನುವಾರದ ಫೋನಿನಲ್ಲಿ ಮಳೆ, ಕೊಳೆರೋಗ, ಅಡಿಕೆ ದರ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ.

“ಗಾಡಿ ಎಲ್ಲಿದ್ದು?”

“ಸಿದ್ದಾಪುರದಲ್ಲೇ ಇದ್ದು.”

“ಕರಿಬೇವು?”

“ಚಿಗುರಿದ್ದು.”