‘ಬರೀ ಆರೇ ಎಪಿಸೋಡು ಸಾರ್!’

ಬ್ರಿಟಿಷ್ ಟಿವಿ ಸರಣಿ ನೋಡಿ ಎಂದು ಕಂಡವರನ್ನೆಲ್ಲ ಕಾಡುವ ಶಿಫಾರಸುರಾಯರ ಮೂಲಸ್ಥಾನ ಬ್ರಿಟನ್ನಿನ ಕಚೇರಿಗಳ ಚಹಾ ಕೋಣೆ. ಉದಯಕಾಲ ಸೋಮವಾರ ಬೆಳಿಗ್ಗೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಬಿಬಿಸಿಯೋ ಐಟಿವಿಯೋ ಒಂದು ಹೆಣ ಕೆಡವುತ್ತದೆ, ಮರುದಿನ ಅದರ ಸುತ್ತ ಜನ ಸೇರಿಸುವ ಹೊಣೆ ಇವರದು. ಒಟಿಟಿ ಬಂದ ಮೇಲೆ ಅವರಿಗೆ ಗಡಿಯ ಹಂಗೂ ಇಲ್ಲ. ಲೀಡ್ಸಿನಲ್ಲಿ ರಾತ್ರಿ ಪಾಳಿ ಮುಗಿಸಿದ ಕನ್ನಡದ ಡಾಕ್ಟರರಲ್ಲೂ ಸಿಗುತ್ತಾರೆ, ಜಯನಗರದ ವಾಕಿಂಗ್ ಗುಂಪಿನಲ್ಲೂ ಸಿಗುತ್ತಾರೆ. ರಾಯರು ಎಂದದ್ದು ಬರಹದ ಅನುಕೂಲಕ್ಕೆ. ಈ ಕುಲದಲ್ಲಿ ಹೆಂಗಸರೇನೂ ಕಡಿಮೆ ಇಲ್ಲ. ಗುರುತಿಸುವುದು ಸುಲಭ. ಮೋಡ ಕವಿದಿದೆ ಅಂದರೆ ಸಾಕು, ಮಾತು ನಾರ್ತಂಬರ್‌ಲ್ಯಾಂಡಿನ ಮಳೆಗೆ ಹೋಗಿ, ಅಲ್ಲಿಂದ ‘ವೆರಾ’ ಸರಣಿಯ ಇನ್‌ಸ್ಪೆಕ್ಟರಮ್ಮನ ಟೋಪಿಗೆ ಬಂದು ನಿಲ್ಲುತ್ತದೆ. ಅವರು ಹೆಸರಿಸಿದ ಯಾವುದಾದರೂ ಸರಣಿ ನೋಡಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೋ, ರಾಯರ ಮುಖದಲ್ಲಿ ಕಾಣುವುದು ಮರುಕವಲ್ಲ, ಹಸಿವು. “ಇನ್ನೂ ನೋಡಿಲ್ವಾ? ಪುಣ್ಯವಂತರು ಸಾರ್ ನೀವು! ಹೊಸದಾಗಿ ನೋಡೋ ಭಾಗ್ಯ ಇನ್ನೂ ಬಾಕಿ ಇದೆ. ಬರೀ ಆರೇ ಎಪಿಸೋಡು. ಶನಿವಾರ ಕೂತರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಗೀತು.”

ಇವರನ್ನು ಕಂಡು ಜನ ಸಾಮಾನ್ಯವಾಗಿ ಹೇಳುವುದು, ಇದು ಇಂಗ್ಲಿಷ್ ವ್ಯಾಮೋಹ, ದೊಡ್ಡಸ್ತಿಕೆ ಎಂದು. ಆ ಆರೋಪ ನಿಲ್ಲುವುದಿಲ್ಲ. ದೊಡ್ಡಸ್ತಿಕೆಯವರು ತಾವು ನೋಡಿದ್ದನ್ನು ಬೇರೆಯವರು ನೋಡದಿರಲಿ ಎಂದು ಬಯಸುತ್ತಾರೆ. ರಾಯರದು ಊರೆಲ್ಲ ನೋಡಲಿ ಎಂಬ ಹಂಬಲ. ಅವರ ಕಾಯಿಲೆ ಬೇರೆಯದು. ಕೊಲೆಗಾರ ಯಾರೆಂದು ಅವರಿಗೆ ಗೊತ್ತಾಗಿಬಿಟ್ಟಿದೆ, ಯಾರಿಗೂ ಹೇಳುವ ಹಾಗಿಲ್ಲ. ಮನೆಮನೆಯ ದೈನಂದಿನ ಧಾರಾವಾಹಿಯಲ್ಲಿ ಈ ಸಂಕಟ ಇಲ್ಲ. ಇನ್ನೂರನೇ ಕಂತಿನಲ್ಲಿ ಬಂದು ಕೂತವರಿಗೂ ಪಕ್ಕದಲ್ಲಿದ್ದವರು ಎರಡು ನಿಮಿಷದಲ್ಲಿ ಹಿಂದಿನದನ್ನೆಲ್ಲ ಹೇಳಿ ಮುಗಿಸಬಹುದು, ಇಬ್ಬರೂ ಕೂಡಿ ಅತ್ತೆಯನ್ನು ಬೈಯಬಹುದು. ಪತ್ತೇದಾರಿ ಕಥೆ ಹಾಗಲ್ಲ. ನೋಡದವರ ಜೊತೆ ಅದರ ಬಗ್ಗೆ ಮಾತಾಡುವುದು ಅಪರಾಧ, ಮಾತಾಡದೆ ಇರುವುದು ಹಿಂಸೆ. 2013ರಲ್ಲಿ ‘ಬ್ರಾಡ್‌ಚರ್ಚ್’ ಬಂದಾಗ, ಡಾರ್ಸೆಟ್ ಕರಾವಳಿಯ ಆ ಪುಟ್ಟ ಊರಿನಲ್ಲಿ ಹುಡುಗನನ್ನು ಕೊಂದವರು ಯಾರೆಂಬುದನ್ನು ನಟರಲ್ಲಿ ಹೆಚ್ಚಿನವರಿಗೇ ಚಿತ್ರೀಕರಣದ ಕೊನೆಯವರೆಗೂ ಹೇಳಿರಲಿಲ್ಲ. ಗುಟ್ಟು ಗೊತ್ತಾದ ಮೇಲೆ ಅದನ್ನು ಕಾಯಲು ಅವರಿಗಾದರೂ ಸಂಬಳ ಇತ್ತು, ರಾಯರಿಗೆ ಅದೂ ಇಲ್ಲ. ಹಾಗಾಗಿ ಅವರಿಗೆ ಉಳಿದ ದಾರಿ ಒಂದೇ: ಇನ್ನೊಬ್ಬರನ್ನು ಕೂರಿಸಿ ತೋರಿಸಿ, ಆಮೇಲೆ ಬಾಯಿಬಿಡುವುದು. ಇದಕ್ಕೆ ಸಾಕ್ಷಿ ಅವರ ಮುಂದಿನ ಪ್ರಶ್ನೆಯಲ್ಲೇ ಇದೆ. ಶಿಫಾರಸು ಮಾಡಿದ ವಾರದ ನಂತರ ಅವರು “ಹಿಡಿಸ್ತಾ?” ಎಂದು ಕೇಳುವುದಿಲ್ಲ. “ಎಷ್ಟನೇದಕ್ಕೆ ಬಂದ್ರಿ?” ಎಂದು ಕೇಳುತ್ತಾರೆ. ಮೂರನೆಯದು ಅಂದರೆ ತುಟಿ ಕಚ್ಚಿಕೊಂಡು, “ನಾಲ್ಕು ನೋಡಿ, ಆಮೇಲೆ ಫೋನ್ ಮಾಡಿ” ಎನ್ನುತ್ತಾರೆ.

ಬಲೆಗೆ ಅವರು ಹಾಕುವ ಕಾಳು ಕಡಿಮೆ ಸಂಖ್ಯೆ. ಇದರಲ್ಲಿ ಸುಳ್ಳೇನಿಲ್ಲ. ‘ಷರ್ಲಾಕ್’ 2010ರಿಂದ 2017ರವರೆಗೆ ನಡೆದರೂ ಒಟ್ಟು 13 ಕಂತು. ‘ಲೈನ್ ಆಫ್ ಡ್ಯೂಟಿ’ ಒಂಬತ್ತು ವರ್ಷದಲ್ಲಿ 36. ‘ಹ್ಯಾಪಿ ವ್ಯಾಲಿ’ 2014ರಲ್ಲಿ ಆರು, 2016ರಲ್ಲಿ ಆರು, ಆಮೇಲೆ ಏಳು ವರ್ಷ ಮೌನ, 2023ರಲ್ಲಿ ಕೊನೆಯ ಆರು. ಕಥೆಯ ಹುಡುಗ ನಿಜವಾಗಿಯೂ ಬೆಳೆದು ತನ್ನ ಅಪ್ಪ ಎಂಥವನೆಂದು ತಾನೇ ತೀರ್ಮಾನಿಸುವ ವಯಸ್ಸಿಗೆ ಬರಲಿ ಎಂದು ಬರೆದಾಕೆ ಸ್ಯಾಲಿ ವೇನ್‌ರೈಟ್ ಕಾದರು. ಅದೇ ಬಾಲನಟ ಬೆಳೆದು ವಾಪಸು ಬಂದ. ಅಲ್ಲಿನ ಒಳ್ಳೆಯ ಸರಣಿಗಳಲ್ಲಿ ಹೆಚ್ಚಿನವು ಒಬ್ಬರೇ ಕೂತು ಬರೆದವು, ಒಬ್ಬರ ತಲೆಯಲ್ಲಿ ಎಷ್ಟು ಕಥೆ ಇದೆಯೋ ಅಷ್ಟೇ ಕಂತು. ಆದರೆ ರಾಯರ ಲೆಕ್ಕದಲ್ಲಿ ಒಂದು ಕೈಚಳಕವೂ ಇದೆ. “ಇನ್‌ಸ್ಪೆಕ್ಟರ್ ಮೋರ್ಸ್ ಬರೀ ಮೂವತ್ಮೂರು ಸಾರ್” ಎಂದು ಶುರು ಮಾಡುತ್ತಾರೆ. ಮೋರ್ಸ್ ಮುಗಿದರೆ ಅವನ ಸಹಾಯಕನ ‘ಲೂಯಿಸ್’ ಇನ್ನೊಂದು 33, ಅದೂ ಮುಗಿದರೆ ಮೋರ್ಸನ ಯೌವನದ ‘ಎಂಡೆವರ್’ 36. ಕೂಡಿಸಿದರೆ 102, ಪ್ರತಿಯೊಂದೂ ಹೆಚ್ಚುಕಮ್ಮಿ ಒಂದು ಸಿನಿಮಾದ ಉದ್ದ. ಮದುವೆಮನೆಯಲ್ಲಿ ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವವರು ಬೆರಳ ಸಂದಿನಲ್ಲಿ ಹೋಳಿಗೆ ಜಾರಿಸುವಂತೆ ಇದು ನಡೆದುಹೋಗುತ್ತದೆ. 1986ರಿಂದ ಶನಿವಾರಗಳನ್ನು ನುಂಗುತ್ತ ಬಂದ ‘ಕ್ಯಾಶುವಾಲ್ಟಿ’ಯನ್ನು ಮಾತ್ರ ರಾಯರು ಮೊದಲ ದಿನ ಎತ್ತುವುದಿಲ್ಲ. ಅದರ ಚಾರ್ಲಿ ಫೇರ್‌ಹೆಡ್ ಎಂಬ ನರ್ಸು ಮೊದಲ ಕಂತಿನಿಂದ 2024ರವರೆಗೆ ಅದೇ ಆಸ್ಪತ್ರೆಯಲ್ಲಿ, ಅದೇ ನಟನ ರೂಪದಲ್ಲಿ ದುಡಿದ. ಅಷ್ಟು ದೀರ್ಘ ಸೇವೆ ನಿಜವಾದ ಆಸ್ಪತ್ರೆಯಲ್ಲೂ ಅಪರೂಪ.

ಹಾಗಾದರೆ ಪಟ್ಟಿಯಲ್ಲಿ ಜೊಳ್ಳಿಲ್ಲವೇ? ಇದೆ, ಅದನ್ನೇ ರಾಯರು ಅತಿ ಪ್ರೀತಿಯಿಂದ ಕೊಡುತ್ತಾರೆ. ‘ಮಿಡ್‌ಸಮರ್ ಮರ್ಡರ್ಸ್’ ನೋಡಿ. 1997ರಿಂದ ನಡೆದಿದೆ. ಹುಲ್ಲಿನ ಸೂರಿನ ಮನೆಗಳು, ಚರ್ಚಿನ ಗಂಟೆ, ಹೂವಿನ ಸ್ಪರ್ಧೆ, ಅದರ ನಡುವೆ ಕಂತಿಗೆ ಎರಡು ಮೂರು ಹೆಣ. ಒಬ್ಬಾಕೆ ಸತ್ತದ್ದು ದೊಡ್ಡ ಚೀಸಿನ ಚಕ್ರದ ಅಡಿ ಸಿಕ್ಕಿ. ಇನ್‌ಸ್ಪೆಕ್ಟರ್ ಬಾರ್ನಬಿ ನಿವೃತ್ತನಾದಾಗ ಆ ಜಾಗಕ್ಕೆ ಅವನ ಸೋದರಸಂಬಂಧಿ, ಇನ್ನೊಬ್ಬ ಬಾರ್ನಬಿಯೇ ಬಂದ. ಬೋರ್ಡು ಬದಲಿಸುವ ಖರ್ಚು ಉಳಿಯಿತು. ಇಡೀ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವರ್ಷಕ್ಕೆ ಆಗುವ ಕೊಲೆಗಳು ಐದಾರು ನೂರರ ಆಸುಪಾಸು. ಟಿವಿಯ ಹಳ್ಳಿಗಳೂ ಮೋರ್ಸನ ಆಕ್ಸ್‌ಫರ್ಡಿನ ಪ್ರೊಫೆಸರುಗಳೂ ಸೇರಿ ಅದಕ್ಕೆ ಕೊಟ್ಟ ಕೊಡುಗೆಯನ್ನು ಗಂಭೀರವಾಗಿ ತೆಗೆದುಕೊಂಡರೆ ಅಲ್ಲಿಗೆ ಯಾರೂ ಪ್ರವಾಸ ಹೋಗಬಾರದು. ಇದನ್ನು ಎತ್ತಿ ಹೇಳಿದರೆ ರಾಯರು ಜಾರುತ್ತಾರೆ: “ಅದು ಅಪರಾಧಕ್ಕಲ್ಲ ಸಾರ್, ಹಸಿರಿಗೆ ನೋಡೋದು.” ಇರಬಹುದು. ಬಟ್ಟೆ ಮಡಿಸುವಾಗ, ಬೀನ್ಸ್ ನಾರು ತೆಗೆಯುವಾಗ ನೋಡಲು ಅಡ್ಡಿಯಿಲ್ಲ.

ಆದರೆ ರಾಯರ ಪಟ್ಟಿಯ ತಿರುಳು ಬೇರೆಡೆ ಇದೆ, ಅದನ್ನು ಅವರೇ ಸರಿಯಾಗಿ ಹೇಳುವುದಿಲ್ಲ. “ಸಸ್ಪೆನ್ಸು ಸಾರ್, ಸಸ್ಪೆನ್ಸು” ಎಂದು ಕೂಗುತ್ತಾರೆ. ಒಳ್ಳೆಯ ಬ್ರಿಟಿಷ್ ಸರಣಿಯ ವಿಷಯ ಕೊಲೆಯೂ ಅಲ್ಲ, ರೋಗವೂ ಅಲ್ಲ, ಕಚೇರಿ. 1991ರ ‘ಪ್ರೈಮ್ ಸಸ್ಪೆಕ್ಟ್’ನಲ್ಲಿ ಹೆಲೆನ್ ಮಿರೆನ್ ನಟಿಸಿದ ಪೊಲೀಸ್ ಅಧಿಕಾರಿ ಹಿಡಿಯಬೇಕಾದ ಹಂತಕ ಒಬ್ಬನೇ, ಎದುರಿಸಬೇಕಾದವರು ತನ್ನ ಕೈಕೆಳಗಿನ ಗಂಡಸರೆಲ್ಲ. ‘ಲೈನ್ ಆಫ್ ಡ್ಯೂಟಿ’ಯಲ್ಲಿ ಪೊಲೀಸರನ್ನು ತನಿಖೆ ಮಾಡುವ ಪೊಲೀಸರು ಗಾಜಿನ ಕೋಣೆಯಲ್ಲಿ ಕೂತು, ರೆಕಾರ್ಡರಿನ ಕರ್ಕಶ ಬೀಪ್ ಮುಗಿಯಲು ಕಾದು, ಆಪಾದಿತರನ್ನು ಅವರಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನ ಅಧಿಕಾರಿಯೇ ಪ್ರಶ್ನಿಸಬೇಕೆಂಬ ನಿಯಮ ತೆಗೆದು, ಫೈಲು ಬಿಡಿಸಿ, ಇಪ್ಪತ್ತು ನಿಮಿಷಕ್ಕೂ ಮೀರಿ ಮಾತಾಡುತ್ತಾರೆ. ಓಟವಿಲ್ಲ, ಗುಂಡಿಲ್ಲ, ದಾಖಲೆ ಸಂಖ್ಯೆ ಇದೆ. 2021ರ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ 1 ಕೋಟಿ 28 ಲಕ್ಷ ಜನ ನೋಡಿದರು, ಗುಟ್ಟು ಒಡೆದಾಗ ಅರ್ಧ ದೇಶ ಸಿಟ್ಟಾಯಿತು. (ಆ ಗುಟ್ಟು ಇಲ್ಲಿ ಬರೆಯುವಂತಿಲ್ಲ; ರಾಯರು ಸಂಪಾದಕರಿಗೆ ಪತ್ರ ಹಾಕುತ್ತಾರೆ.) ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗರಿಗೂ ದರ್ಜೆಯ ಈ ನಾಟಕ ವಿವರಿಸಬೇಕಾಗಿಲ್ಲ. 2024ರ ಜನವರಿಯಲ್ಲಿ ಬಂದ ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’ನಲ್ಲಿ ಒಂದು ಕೊಲೆಯೂ ಇಲ್ಲ. ಹೊರೈಜನ್ ಎಂಬ ಕೆಟ್ಟ ಸಾಫ್ಟ್‌ವೇರು ತಪ್ಪು ಲೆಕ್ಕ ತೋರಿಸಿ, 900ಕ್ಕೂ ಹೆಚ್ಚು ಅಂಚೆ ಏಜೆಂಟರು ಕಳ್ಳರೆನಿಸಿಕೊಂಡ ನಿಜ ಕಥೆ, ನಾಲ್ಕೇ ಕಂತು. ವರ್ಷಗಟ್ಟಲೆ ಪತ್ರಕರ್ತರು ಬರೆದರೂ, ನ್ಯಾಯಾಲಯ ತೀರ್ಪು ಕೊಟ್ಟರೂ ತೆವಳುತ್ತಿದ್ದ ವಿಷಯ ಆ ನಾಲ್ಕು ಕಂತಿನ ಮೇಲೆ ಓಡತೊಡಗಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಿತು.

ವೈದ್ಯಕೀಯ ಸರಣಿಗಳಿಗೆ ಈ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ. ‘ಲೈನ್ ಆಫ್ ಡ್ಯೂಟಿ’ ಬರೆದ ಜೆಡ್ ಮರ್ಕ್ಯೂರಿಯೋ ಮೂಲತಃ ವೈದ್ಯರು. 1994ರಲ್ಲಿ ‘ಕಾರ್ಡಿಯಾಕ್ ಅರೆಸ್ಟ್’ ಬರೆದಾಗ ಆಸ್ಪತ್ರೆ ಕೆಲಸದಲ್ಲಿದ್ದ ಕಾರಣ ಸುಳ್ಳು ಹೆಸರು ಇಟ್ಟುಕೊಂಡರು. ಹತ್ತು ವರ್ಷದ ಮೇಲೆ ಬಂದ ‘ಬಾಡೀಸ್’ ಹದಿನೇಳು ಕಂತಿನದು. ಹೆರಿಗೆ ವಿಭಾಗಕ್ಕೆ ಬಂದ ಕಿರಿಯ ವೈದ್ಯನಿಗೆ ತನ್ನ ಸಂಭಾವಿತ ಹಿರಿಯ ವೈದ್ಯರಿಗೆ ಕೆಲಸ ಬರುವುದಿಲ್ಲ ಎಂದು ತಿಳಿಯುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ, ಹೇಳಿದವನೇ ಕೆಟ್ಟವನಾಗುತ್ತಾನೆ. ಅಮೆರಿಕದ ಆಸ್ಪತ್ರೆ ಸರಣಿಯಲ್ಲಿ ಒಬ್ಬ ಮೇಧಾವಿ ವಿಚಿತ್ರ ರೋಗ ಪತ್ತೆ ಮಾಡಿ ಹೊರಗೆ ಬರುತ್ತಾನೆ. ಬ್ರಿಟಿಷ್ ಸರಣಿಯಲ್ಲಿ ಹಾಸಿಗೆ ಖಾಲಿ ಇಲ್ಲ, ವೈದ್ಯ ನಿದ್ದೆ ಮಾಡಿಲ್ಲ, ಪಾಳಿಗೆ ಬರಬೇಕಾದವರು ಬಂದಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ರೋಗಿಗೆ ಬಿಲ್ಲಿನ ಭಯ ಇಲ್ಲವಾದ್ದರಿಂದ ಕಥೆಗೆ ಉಳಿಯುವ ಸಂಕಟ ಇದೇ. ಆಡಂ ಕೇ ಅವರ ದಿನಚರಿ ಆಧರಿಸಿದ ‘ದಿಸ್ ಈಸ್ ಗೋಯಿಂಗ್ ಟು ಹರ್ಟ್’ (2022) ನಡೆಯುವುದೂ ಹೆರಿಗೆ ವಿಭಾಗದಲ್ಲೇ. ಪೂರ್ವ ಲಂಡನ್ನಿನ ಸೂಲಗಿತ್ತಿಯರ ‘ಕಾಲ್ ದಿ ಮಿಡ್‌ವೈಫ್’ ಬಗ್ಗೆ ಹೇಳುವುದೇ ಬೇಡ. ಬ್ರಿಟಿಷರು ಅಪರಾಧ ಸರಣಿಯಲ್ಲಿ ಕೊಂದವರ ಲೆಕ್ಕವನ್ನು ವೈದ್ಯಕೀಯ ಸರಣಿಯಲ್ಲಿ ಹೆತ್ತು ಸರಿದೂಗಿಸುತ್ತಾರೆ ಎಂದು ಯಾರಾದರೂ ಅನುಮಾನಿಸಿದರೆ ತಪ್ಪಿಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಅಲ್ಲಿ ನೆಲೆಸಿದ ಕನ್ನಡದ ಡಾಕ್ಟರರು ಹೇಳಬಹುದು, ಎದೆ ಒತ್ತುವುದೇ ತಪ್ಪು, ಸತ್ತವರು ಇಷ್ಟು ಸುಲಭವಾಗಿ ಎದ್ದು ಕೂರುವುದಿಲ್ಲ ಎಂದು. ಸರಿಯಾದ ಮಾತು. ಆದರೆ ‘ಬಾಡೀಸ್’ನ ವಿರುದ್ಧ ಅದು ಅಷ್ಟಾಗಿ ನಾಟುವುದಿಲ್ಲ, ಬರೆದವರು ಆ ಎದೆಯನ್ನು ಒತ್ತಿದ್ದವರೇ. ಉಚ್ಚಾರ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಯಾರ್ಕ್‌ಷೈರಿನ ಮಾತು ಲಂಡನ್ನಿನವರಿಗೇ ತೊಡಕು. 2014ರಲ್ಲಿ ಬಿಬಿಸಿಯ ‘ಜಮೈಕಾ ಇನ್’ ನಾಟಕದ ಗೊಣಗು ಮಾತಿನ ಬಗ್ಗೆ ಅಲ್ಲಿನವರೇ ಎರಡು ಸಾವಿರಕ್ಕೂ ಹೆಚ್ಚು ದೂರು ಕೊಟ್ಟರು. ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲಿ ಅವಮಾನವಿಲ್ಲ. ಮೂರನೆಯ ಆಕ್ಷೇಪ, ನಮ್ಮ ದೇಶದಲ್ಲೇ ಇವುಗಳ ಹಿಂದಿ ರೂಪ ಇರುವಾಗ ಮೂಲ ಏಕೆ ಎಂಬುದು. ‘ಲೂಥರ್’ ಇಲ್ಲಿ ‘ರುದ್ರ’ ಆಯಿತು, ‘ಕ್ರಿಮಿನಲ್ ಜಸ್ಟೀಸ್’ ಅದೇ ಹೆಸರಿನಲ್ಲಿ ಬಂತು. ಎರಡನೆಯದು ಪಂಕಜ್ ತ್ರಿಪಾಠಿಯವರ ವಕೀಲನಿಂದ ತನ್ನದೇ ಕಾಲಿನ ಮೇಲೆ ನಿಂತಿತು. ಮೊದಲನೆಯದು ಮೂಲ ನೋಡಿದವರಿಗೆ ಅದರ ನಾಯಕ ಇಡ್ರಿಸ್ ಎಲ್ಬಾನನ್ನು ನೆನಪಿಸುವುದಷ್ಟೇ ಮಾಡಿತು. ಕಾಯಂ ಮಳೆ, ಕಾಯಂ ಬೇಸರ, ಹೆಂಡತಿ ಬಿಟ್ಟ ಇನ್‌ಸ್ಪೆಕ್ಟರು ಎಂಬ ದೂರಿಗೆ ಮಾತ್ರ ಉತ್ತರವಿಲ್ಲ. ಆ ದೇಶದ ಒಬ್ಬ ಪತ್ತೇದಾರನಿಗಾದರೂ ಸುಖ ಸಂಸಾರ ಕೊಡಿ ಎಂದು ಮನವಿ ಮಾಡಬೇಕೆನಿಸುತ್ತದೆ. ‘ಮಿಡ್‌ಸಮರ್’ನ ಬಾರ್ನಬಿಗಳಿಗೆ ಅದು ಇದೆ, ಬಹುಶಃ ರಾಯರ ಪ್ರೀತಿಗೆ ಅದೂ ಒಂದು ಕಾರಣ.

ರಾಯರ ದೋಷ ಅವರ ಅಭಿರುಚಿಯಲ್ಲಿಲ್ಲ, ಆಳು ನೋಡದೆ ಔಷಧಿ ಕೊಡುವುದರಲ್ಲಿದೆ. ಗರ್ಭಿಣಿಗೆ ‘ಬಾಡೀಸ್’ ಹೇಳುತ್ತಾರೆ, ರಕ್ತ ಕಂಡರೆ ಆಗದವರಿಗೆ ‘ಲೂಥರ್’ ಹೇಳುತ್ತಾರೆ, ಎಂಟಕ್ಕೆ ಮಲಗುವವರಿಗೆ ಎರಡು ಗಂಟೆಯ ಮೋರ್ಸ್ ಹೇಳುತ್ತಾರೆ. ಅವರ ಹಸಿವಿಗೆ ಎದುರಿನವರ ಹೊಟ್ಟೆ ಕಾಣುವುದಿಲ್ಲ. ಆದ್ದರಿಂದ ಪಟ್ಟಿಯನ್ನು ತೆಗೆದುಕೊಂಡು ಕ್ರಮವನ್ನು ನೀವೇ ಮಾಡಿಕೊಳ್ಳಿ. ಒಂದೇ ಒಂದು ನೋಡುವವರು ‘ಹ್ಯಾಪಿ ವ್ಯಾಲಿ’ ನೋಡಿ. ಮೊದಲ ದೃಶ್ಯದಲ್ಲೇ ಸಾರ್ಜೆಂಟ್ ಕ್ಯಾಥರೀನ್ ಬೆಂಕಿ ಆರಿಸುವ ಸಿಲಿಂಡರು ಹಿಡಿದು, ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೊರಟ ಹುಡುಗನ ಮುಂದೆ ತನ್ನ ಸಂಸಾರದ ವರದಿ ಒಪ್ಪಿಸುತ್ತಾಳೆ: ವಯಸ್ಸು 47, ವಿಚ್ಛೇದನ, ಚಟ ಬಿಡುತ್ತಿರುವ ಸೋದರಿ, ಸತ್ತ ಮಗಳು, ಮಾತು ಬಿಟ್ಟ ಮಗ, ಸಾಕಬೇಕಾದ ಮೊಮ್ಮಗ. ಕೆಲವೇ ವಾಕ್ಯದಲ್ಲಿ ಮೂರು ಸೀಸನ್ನಿನ ಕಥೆಗೆ ಬೇಕಾದದ್ದೆಲ್ಲ ಅಲ್ಲಿ ಬಂದಿದೆ. ಆಸ್ಪತ್ರೆ ತಡೆದುಕೊಳ್ಳಬಲ್ಲವರು ಆಮೇಲೆ ‘ಬಾಡೀಸ್’ ನೋಡಿ, ಅದು ಇನ್ನೂ ಕಹಿ. ‘ಲೈನ್ ಆಫ್ ಡ್ಯೂಟಿ’ಯ ಮೊದಲ ಮೂರು ಸೀಸನ್ ಸಾಕು. ಮುಗಿದ ಮೇಲೆ ರಾಯರಿಗೆ ಒಂದು ಫೋನ್ ಮಾಡಿ, ಬಹಳ ದಿನದಿಂದ ಬಾಯಿ ಕಟ್ಟಿಕೊಂಡಿದ್ದಾರೆ. ಆದರೆ ಮರುದಿನ ರಜೆ ಇರುವ ಹಾಗೆ ನೋಡಿಕೊಂಡು ಮಾಡಿ.