ಹೀರೊ ಆಗಲು ಯಶವಂತಪುರದಲ್ಲಿ ರೈಲಿಳಿದವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಹಾವೇರಿ, ರಾಯಚೂರು, ಶಿವಮೊಗ್ಗದ ಕಡೆಯಿಂದ ಸಿನಿಮಾದ ಆಸೆ ಹೊತ್ತು ಬಂದವರು ನೀವು. ಮತ್ತಿಕೆರೆಯಲ್ಲೋ ಆರ್.ಟಿ. ನಗರದಲ್ಲೋ ಪಿಜಿ ಹಿಡಿಯುತ್ತೀರಿ. ನಂದಿನಿ ಲೇಔಟಿನ ಕಂಠೀರವ ಸ್ಟುಡಿಯೊದ ಗೇಟಿನವರೆಗೆ ಹೋಗಿ ಬರುತ್ತೀರಿ. ಆಡಿಷನ್ ಮೇಲೆ ಆಡಿಷನ್ ಕೊಟ್ಟರೂ ಕರೆ ಬರುವುದಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು, ‘ಸದ್ಯಕ್ಕೆ ಡೈರೆಕ್ಷನ್ ಟೀಮಿನಲ್ಲಿ ಇರು, ಕ್ಲಾಪ್ ಹೊಡಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆಗ ನಿಮ್ಮ ಮುಖ ಸಣ್ಣದಾಗುತ್ತದೆ. ಆ ಸುದ್ದಿಯನ್ನು ಊರಿಗೆ ಫೋನು ಮಾಡಿ ಹೇಳುವುದಕ್ಕೂ ನಾಚಿಕೆ.

ಆ ನಾಚಿಕೆಯನ್ನು ಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ತೆರೆಯ ಮೇಲಿದ್ದ ಒಬ್ಬ ನಟ ಕ್ಯಾಮೆರಾದ ಹಿಂದಕ್ಕೆ ಹೋಗಿ ನಿಂತಿದ್ದರಿಂದಲೇ ಕನ್ನಡ ಸಿನಿಮಾಕ್ಕೆ ಮೊದಲ ಮಾತು ಬಂತು. ಅವರು ಯರಗುಡಿಪಾಟಿ ವರದರಾವ್, ಎಲ್ಲರೂ ಕರೆಯುತ್ತಿದ್ದಂತೆ ವೈ.ವಿ. ರಾವ್.

1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ರಾವ್ ಮೂಕಿ ಚಿತ್ರಗಳ ನಟ. ಆ ಕಾಲದಲ್ಲಿ ನಟನ ಭಾಷೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಮಾತೆಲ್ಲ ತೆರೆಯ ಮೇಲೆ ಬರಹವಾಗಿ ಮೂಡುತ್ತಿತ್ತು. ಮುಖ ಚೆನ್ನಾಗಿದ್ದು, ಮೈ ಮಾತಾಡಿದರೆ ಸಾಕಿತ್ತು. ಹಾಗೆ ಬೇಡಿಕೆ ಇದ್ದಾಗಲೇ ರಾವ್ ನಿರ್ದೇಶನಕ್ಕೆ ಕೈ ಹಾಕಿದರು. ಹರಿಭಾಯಿ ದೇಸಾಯಿ ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿ ನಡೆಸುತ್ತಿದ್ದ ದಿನಗಳವು. 1930ರ ‘ಪಾಂಡವ ನಿರ್ವಾಣ’ ರಾವ್ ನಿರ್ದೇಶಿಸಿದ ಮೂಕಿ ಚಿತ್ರ. 1932ರಲ್ಲಿ ನಾಟಕ ಕಂಪನಿಯ ಗುಬ್ಬಿ ವೀರಣ್ಣನವರಿಗಾಗಿ ‘ಹರಿಮಾಯೆ’ ಮಾಡಿದರು.

ಈ ಇಸವಿಗಳನ್ನು ಸ್ವಲ್ಪ ಗಮನಿಸಿ. ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಿಡುಗಡೆಯಾಗಿದ್ದು 1931ರ ಮಾರ್ಚ್ 14ರಂದು. ಟಾಕಿ ಬಂದ ಮೇಲೆ ಮೂಕಿ ಚಿತ್ರದ ಎಷ್ಟೋ ನಟರಿಗೆ ಕೆಲಸ ಹೋಯಿತು. ಹಾಡಲು ಬರಬೇಕು, ಉಚ್ಚಾರ ಸರಿಯಿರಬೇಕು, ಮೈಕಿಗೆ ಕೇಳುವಂತೆ ದನಿ ಇರಬೇಕು ಎಂದಾಯಿತು. ರಾವ್ ಅಷ್ಟರಲ್ಲಿ ನಿರ್ದೇಶಕರಾಗಿದ್ದರು. ಬೇರೆ ದಾರಿ ಕಾಣದೆ ಕ್ಯಾಮೆರಾ ಹಿಂದಕ್ಕೆ ಸರಿದವರಲ್ಲ, ಕಲಿಯಬೇಕೆಂದೇ ಹೋದವರು. ಹಾಗೆಂದು ನಟನೆಯನ್ನೂ ಬಿಡಲಿಲ್ಲ.

ಹೀಗೆ ಕಲಿತ ಕೆಲಸ ಕನ್ನಡಕ್ಕೆ ಒದಗಿತು. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಕನ್ನಡದಲ್ಲೊಂದು ಟಾಕಿ ತೆಗೆಯಲು ಹಣ ಹಾಕಿದರು. ಕಥೆ, ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಕಂಪನಿ ನಾಟಕದಿಂದ ಬಂದ ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ನಿರ್ದೇಶನ ವೈ.ವಿ. ರಾವ್ ಅವರದು, ಜೊತೆಗೆ ಒಂದು ಪಾತ್ರವೂ. ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ, ಸುಮಾರು 40,000 ರೂಪಾಯಿ ಖರ್ಚಿನಲ್ಲಿ, ಎರಡು ತಿಂಗಳಲ್ಲಿ ‘ಸತಿ ಸುಲೋಚನ’ ಸಿದ್ಧವಾಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆ ಕಂಡಿತು.

ನಾಟಕದ ಕಲಾವಿದರಿಗೆ ರಂಗದ ಮೇಲೆ ಹೇಗೆ ನಿಲ್ಲಬೇಕೆಂದು ಗೊತ್ತಿತ್ತು. ಕ್ಯಾಮೆರಾ ಎಲ್ಲಿಂದ ನೋಡುತ್ತದೆ, ಚೌಕಟ್ಟು ಎಲ್ಲಿಗೆ ಮುಗಿಯುತ್ತದೆ, ಒಂದು ತುಣುಕನ್ನು ಇನ್ನೊಂದಕ್ಕೆ ಹೇಗೆ ಜೋಡಿಸುತ್ತಾರೆ ಎಂಬುದು ಬೇರೆಯದೇ ವಿದ್ಯೆ. ಕ್ಯಾಮೆರಾದ ಎರಡೂ ಬದಿ ಕಂಡಿದ್ದ ರಾವ್ ಅದನ್ನು ತಂದರು. ತೆಲುಗು ಸೀಮೆಯಲ್ಲಿ ಹುಟ್ಟಿದವರು ಮರಾಠಿ ಸೀಮೆಯಲ್ಲಿ ಕೂತು ಕನ್ನಡದ ಮೊದಲ ಟಾಕಿಯನ್ನು ನಮ್ಮ ಕೈಗಿಟ್ಟರು. ಕನ್ನಡಿಗರಾದ ನಾವು ಈ ಋಣವನ್ನು ತುಂಬು ಮನಸ್ಸಿನಿಂದ ನೆನೆಯಬೇಕು.

ರಾವ್ ಅಲ್ಲಿಗೇ ನಿಲ್ಲಲಿಲ್ಲ. 1937ರಲ್ಲಿ ಅವರು ನಿರ್ದೇಶಿಸಿದ ತಮಿಳಿನ ‘ಚಿಂತಾಮಣಿ’ ಒಂದೇ ಚಿತ್ರಮಂದಿರದಲ್ಲಿ ವರ್ಷ ತುಂಬಿ ಓಡಿತು. ಅದರ ನಾಯಕಿ ನಮ್ಮ ಕನ್ನಡದ ಅಶ್ವತ್ಥಮ್ಮ. 1940ರ ತೆಲುಗಿನ ‘ವಿಶ್ವಮೋಹಿನಿ’ಯಲ್ಲಿ ರಾವ್ ಸಿನಿಮಾ ಲೋಕವನ್ನೇ ಕಥೆಯಾಗಿಸಿದರು. 1973ರಲ್ಲಿ ತೀರಿಕೊಂಡರು. ‘ನಾ ನಿನ್ನ ಬಿಡಲಾರೆ’, ‘ಚಂದನದ ಗೊಂಬೆ’ಯ ನಟಿ ಲಕ್ಷ್ಮಿ ಈ ರಾವ್ ಅವರ ಮಗಳು ಎಂದರೆ ನಿಮಗೆ ತಟ್ಟನೆ ಗುರುತು ಹತ್ತಬಹುದು. ಆ ಮಗಳೂ 1980ರಲ್ಲಿ ‘ಮಕ್ಕಳ ಸೈನ್ಯ’ ನಿರ್ದೇಶಿಸಿದರು. ದೊಡ್ಡ ತಾರೆಯಾಗಿದ್ದಾಗಲೇ ಕ್ಯಾಮೆರಾದ ಹಿಂದೆ ನಿಂತು ಕೆಲಸ ಮಾಡಿದರು.

ಇನ್ನು ನೋವಿನ ಮಾತು. ಮಾರ್ಚ್ 3ನ್ನು ನಾವು ಕನ್ನಡ ಸಿನಿಮಾ ದಿನವೆಂದು ಸಂಭ್ರಮಿಸುತ್ತೇವೆ. ಆದರೆ ಅಂದು ತೆರೆ ಕಂಡ ಚಿತ್ರವನ್ನು ನೋಡುವ ಭಾಗ್ಯ ನಮಗಿಲ್ಲ. ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತಿತ್ತು, ಉಳಿದದ್ದು ಡಬ್ಬಿಯೊಳಗೇ ಕೊಳೆಯುತ್ತಿತ್ತು. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾಗುವ ಹೊತ್ತಿಗೆ 1964 ಬಂದಿತ್ತು. ಅಷ್ಟರಲ್ಲಿ ದೇಶದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಬೆರಳೆಣಿಕೆಯವನ್ನು ಬಿಟ್ಟರೆ ಉಳಿದವೆಲ್ಲ ಹೋಗಿದ್ದವು. ಕನ್ನಡ ತೆರೆಗೆ ದನಿ ಕೊಟ್ಟ ನಿರ್ದೇಶಕನ ಆ ಚಿತ್ರದ ದನಿಯೇ ಇವತ್ತು ನಮಗೆ ಕೇಳಿಸುವುದಿಲ್ಲ. ಫಿಲ್ಮ್ ಕಾಪಾಡುವುದು ಕೂಡ ಕ್ಯಾಮೆರಾ ಹಿಂದಿನ ಕೆಲಸವೇ. ಅದನ್ನು ಮಾಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾಗಿ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಟನೆಯ ಆಸೆ ಬಿಡಬೇಡಿ. ಅದರ ಜೊತೆಗೆ ಹಿಂದಿನ ಕೆಲಸವನ್ನೂ ಕಲಿಯಿರಿ. ನೀವು ಇಳಿದ ಯಶವಂತಪುರದಿಂದ ಹೆಸರಘಟ್ಟ ಬಹಳ ದೂರವೇನಲ್ಲ. ಅಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಬೇರು 1943ರಲ್ಲಿ ಶುರುವಾದ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿದೆ. ಹಿಂದಿ ನಿರ್ದೇಶಕ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಓದಿದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಛಾಯಾಗ್ರಹಣ, ಶಬ್ದಗ್ರಹಣ, ಸಂಕಲನ, ಬೆಳಕು, ಯಾವುದಾದರೂ ಸರಿ, ಒಂದು ವಿದ್ಯೆ ಕೈಯಲ್ಲಿರಲಿ. ಕ್ಲಾಪ್ ಹಿಡಿದು ನಿಂತ ದಿನವೇ ಊರಿಗೆ ಫೋನು ಮಾಡಿ, ಕೆಲಸ ಸಿಕ್ಕಿತು ಎಂದು ಹೆಮ್ಮೆಯಿಂದ ಹೇಳಿ.

ನಂದಿನಿ ಲೇಔಟಿನಲ್ಲೇ ಇರುವ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಒಂದು ಮನವಿ: ಪ್ರತಿ ಮಾರ್ಚ್ 3ರಂದು ವೈ.ವಿ. ರಾವ್ ಹೆಸರಿನಲ್ಲಿ ಒಬ್ಬ ಯುವ ತಂತ್ರಜ್ಞನನ್ನೋ ತಂತ್ರಜ್ಞೆಯನ್ನೋ ಗೌರವಿಸಿ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ 1930ರ ದಶಕದ ಫಿಲ್ಮ್ ಡಬ್ಬಿ, ಹಾಡಿನ ಪುಸ್ತಕ, ಸಿನಿಮಾ ಕರಪತ್ರ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಕಾಡೆಮಿಗೆ ತಿಳಿಸಿ.

ಇಂತಿ ನಿಮ್ಮ,
ಉತ್ತರ ಬೆಂಗಳೂರಿನ ಒಬ್ಬ ಪ್ರೇಕ್ಷಕ