ಗೋಣಿಚೀಲದ ಬೆಕ್ಕು

ಸಾಗರದ ಕಡೆಯ ನಮ್ಮ ಅಜ್ಜಿಮನೆಯಲ್ಲಿ ರಾಮಿ ಎಂಬ ಬೆಕ್ಕಿತ್ತು. ಅದನ್ನು ಯಾರೂ ತಂದು ಸಾಕಿದ್ದಲ್ಲ. ಮನೆಯ ಜೊತೆಗೇ ಹುಟ್ಟಿದ್ದೋ ಎಂಬಂತೆ ಒಲೆಯ ಪಕ್ಕದಲ್ಲಿ ಇತ್ತು, ಅಷ್ಟೆ. ನೆಲುವಿನ ಮೇಲಿಟ್ಟ ಹಾಲಿಗೆ ಬಾಯಿ ಹಾಕುತ್ತಿತ್ತು, ಹಾಸಿಗೆಯೊಳಗೆ ನುಗ್ಗುತ್ತಿತ್ತು. ಇದನ್ನೆಲ್ಲ ಸಹಿಸಿಕೊಂಡಿದ್ದ ಅಜ್ಜಿ, ಅದು ನೈವೇದ್ಯಕ್ಕೆ ತೆಗೆದಿಟ್ಟ ಬೆಣ್ಣೆಯನ್ನು ನೆಕ್ಕಿದ ದಿನ ತೀರ್ಪು ಕೊಟ್ಟೇಬಿಟ್ಟಳು: "ಮಾಣಿ, ಇದನ್ನ ಹೊಳೆಯಾಚೆ ಬಿಟ್ಟು ಬಾ."

ನಾನೂ ಚಿಕ್ಕಪ್ಪನೂ ರಾಮಿಯನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟುಕೊಂಡು ಮೂರು ಮೈಲಿ ಹೋದೆವು. ದಿಕ್ಕು ತಪ್ಪಲಿ ಎಂದು ಚಿಕ್ಕಪ್ಪ ಎರಡು ಕಡೆ ಸುತ್ತು ಹೊಡೆಸಿದ. ಬೆಕ್ಕನ್ನು ಬಿಟ್ಟು, ಹೋಟೆಲಿನಲ್ಲಿ ಬನ್ಸ್ ತಿಂದು, ಯುದ್ಧ ಗೆದ್ದವರಂತೆ ಮನೆಗೆ ಬಂದರೆ ರಾಮಿ ಒಲೆಯ ಪಕ್ಕದಲ್ಲಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ನಮ್ಮನ್ನು ನೋಡಿ, 'ತಡವಾಯಿತಲ್ಲ?' ಎನ್ನುವಂತೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

ನಲವತ್ತು ವರ್ಷದ ಮೇಲೆ ರಾಮಿ ನೆನಪಾದದ್ದು ಹೊಸ ಲ್ಯಾಪ್‌ಟಾಪ್ ಕೊಂಡಾಗ. ಅದರ ಜೊತೆ ಒಂದು ಬ್ರೌಸರ್ ಬಂತು. ಯಾವ ಕಂಪನಿಯದು ಎಂದು ಕೇಳಬೇಡಿ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇದೆ. ನನಗೆ ವರ್ಷಗಳಿಂದ ರೂಢಿಯಾದ ಬ್ರೌಸರ್ ಬೇರೆ. ಅದನ್ನು ಇಳಿಸಿಕೊಳ್ಳಲು ಈ ಹೊಸದರ ಮೂಲಕವೇ ಹೋಗಬೇಕು. ಹೋದರೆ, ನಿಮ್ಮ ಬಳಿ ಈಗಾಗಲೇ ಒಳ್ಳೆಯ ಬ್ರೌಸರ್ ಇದೆಯಲ್ಲ, ಇನ್ನೊಂದು ಏಕೆ ಎಂದು ಮೇಲಿನಿಂದ ಒಂದು ಪಟ್ಟಿ ಇಳಿಬಿಟ್ಟು ಕೇಳಿತು. ಹೆಣ್ಣು ನೋಡಲು ಹೊರಟವನನ್ನು ಬೀದಿ ತಿರುವಿನಲ್ಲೇ ತಡೆದು, ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ ಬನ್ನಿ ಎಂದ ಹಾಗಾಯಿತು.

ಬೇಡದಿದ್ದರೆ ತೆಪ್ಪಗಿರಬಾರದೆ? ಇರುವುದಿಲ್ಲ. ಪಿಡಿಎಫ್ ತೆರೆದರೆ ಅದರಲ್ಲಿ. ಕೆಳಗಿನ ಪಟ್ಟಿಯಲ್ಲಿ ಏನಾದರೂ ಹುಡುಕಿದರೆ ಅದರಲ್ಲಿ. ತೆರೆದ ಕೂಡಲೇ ಊರಿನ ಉಷ್ಣಾಂಶ, ನಟನಟಿಯರ ವಿಚ್ಛೇದನ, ಬೊಜ್ಜು ಕರಗಿಸುವ ಬೀಜ. ಮೂರು ದಿನಕ್ಕೊಮ್ಮೆ, ನನ್ನನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ ಎಂಬ ಪ್ರಶ್ನೆ. ಉತ್ತರಕ್ಕೆ ಎರಡೇ ಗುಂಡಿ: 'ಆಗಲಿ' ಮತ್ತು 'ಆಮೇಲೆ'. 'ಬೇಡ' ಎಂಬ ಗುಂಡಿ ಇಲ್ಲ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರಿಗೂ ಇದಕ್ಕಿಂತ ಹೆಚ್ಚು ಕರುಣೆ ಇರುತ್ತದೆ.

ಕಿತ್ತೊಗೆಯೋಣ ಎಂದು ಸೆಟ್ಟಿಂಗ್ಸಿಗೆ ಹೋದೆ. ಬೇರೆಲ್ಲ ತಂತ್ರಾಂಶಗಳ ಎದುರು 'ಅನ್‌ಇನ್‌ಸ್ಟಾಲ್' ಎಂಬ ಅಕ್ಷರ ಕಪ್ಪಗಿದೆ. ಇದರ ಎದುರಿಗೆ ಮಾತ್ರ ಬೂದಿ ಬಣ್ಣ. ಎಷ್ಟು ಒತ್ತಿದರೂ ಗೋಡೆಗೆ ಬರೆದ ಬಾಗಿಲನ್ನು ತಳ್ಳಿದಂತೆ. ಹಟ ಹಿಡಿದು ಅದರ ಫೋಲ್ಡರನ್ನೇ ಅಳಿಸಿದೆ. ಎಂಟು ದಿನ ನೆಮ್ಮದಿ. ಒಂಬತ್ತನೆಯ ದಿನ ಅಪ್‌ಡೇಟ್ ಬಂತು, ಯಂತ್ರ ಒಮ್ಮೆ ಮಲಗಿ ಎದ್ದಿತು, ರಾಮಿ ಒಲೆಯ ಪಕ್ಕದಲ್ಲಿತ್ತು.

ಆಗ ಮೂಲೆಯಂಗಡಿಯ ಕಂಪ್ಯೂಟರ್ ರಿಪೇರಿ ಹುಡುಗನನ್ನು ಕರೆಸಿದೆ. "ಸಾರ್, ಅದನ್ನ ಕೀಳಕ್ಕೆ ಹೋಗ್ಬೇಡಿ, ಸಿಸ್ಟಮ್ಮೇ ಎಕ್ಕುಟ್ಟೋಗುತ್ತೆ. ನೆಟ್ ಸಿಗದಂಗೆ ಮಾಡಿಬಿಡೋಣ" ಎಂದ. ಮಾಡಿದ್ದು ಹಳೆಯ ಉಪಾಯ. ಬ್ರೌಸರ್ ಹೊರಗೆ ಹೋಗುವಾಗ ನಡುವೆ ನಿಲ್ಲುವ ಮಧ್ಯವರ್ತಿಗೆ ಪ್ರಾಕ್ಸಿ ಎನ್ನುತ್ತಾರೆ. ಅದರ ವಿಳಾಸದ ಜಾಗದಲ್ಲಿ 127.0.0.1 ಎಂದು ತುಂಬಿದ. ಕಂಪ್ಯೂಟರ್ ಭಾಷೆಯಲ್ಲಿ ಈ ಅಂಕಿಯ ಅರ್ಥ 'ನಾನೇ' ಎಂದು. ಅಂದರೆ ಬ್ರೌಸರ್ ಲೋಕಕ್ಕೆ ಹೊರಟಾಗಲೆಲ್ಲ, ಮೊದಲು ನಿನ್ನ ಮನೆಗೇ ಹೋಗಿ ದಾರಿ ಕೇಳು ಎಂದು ಕಳಿಸುವುದು. ಅದು ಹೋಗುತ್ತದೆ, ಬಾಗಿಲು ತಟ್ಟುತ್ತದೆ, ಒಳಗೆ ಯಾರೂ ಇಲ್ಲ. ಅದ್ವೈತದ ಇಷ್ಟು ಸರಳ ಪ್ರಯೋಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುನ್ನೂರು ರೂಪಾಯಿ ಕೊಟ್ಟು ಕಳಿಸಿದೆ.

ಮಾರನೆಯ ಬೆಳಿಗ್ಗೆ ನನ್ನ ಪ್ರೀತಿಯ ಬ್ರೌಸರೂ ತೆರೆಯಲಿಲ್ಲ. ಮೇಲ್ ಬರಲಿಲ್ಲ. ನೆಟ್ಟಿನವನಿಗೆ ಫೋನ್ ಮಾಡಿದೆ. ಅವನು ಬಂದು ರೂಟರಿನ ಹಸಿರು ದೀಪ ತೋರಿಸಿ, "ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸಾರ್" ಎಂದು ಹೋದ. ಮೂರು ದಿನ ನಾನೂ ಅವನೂ ದೀಪದ ಬಣ್ಣದ ಮೇಲೆ ವಾದ ಮಾಡಿದೆವು. ನಾಲ್ಕನೆಯ ದಿನ ತಿಳಿದದ್ದು ಇಷ್ಟು: ಆ ಪ್ರಾಕ್ಸಿ ಒಂದು ಬ್ರೌಸರಿಗೆ ಸೇರಿದ ಆಸ್ತಿಯಲ್ಲ, ಇಡೀ ಕಂಪ್ಯೂಟರಿನದು. ನನ್ನ ಬ್ರೌಸರೂ ಅದನ್ನೇ ಓದಿ ನಡೆಯುತ್ತಿತ್ತು. ಬೆಕ್ಕು ಬರದಿರಲೆಂದು ಹಿತ್ತಿಲ ಬಾಗಿಲಿಗೆ ಬೀಗ ಹಾಕಿದ್ದೆ. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ತನಗಿಂತ ದೊಡ್ಡವರೂ ಸೋತಿದ್ದಾರೆ ಎಂಬ ಸುದ್ದಿಯಷ್ಟು ಹಿತವಾದದ್ದು ಬೇರೆ ಇಲ್ಲ. ಹುಡುಕಿದೆ. ನಾನಿರಲಿ, ಅಮೆರಿಕ ಸರ್ಕಾರವೇ ಈ ಬೆಕ್ಕಿನ ಅಮ್ಮನ ಹಿಂದೆ ಗೋಣಿಚೀಲ ಹಿಡಿದು ಓಡಿತ್ತು. ವಿಂಡೋಸ್ 95ನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇಲ್ಲದೆಯೂ ಕಂಪ್ಯೂಟರ್ ತಯಾರಕರಿಗೆ ಕೊಡಬೇಕು ಎಂದು 1997ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಮೈಕ್ರೋಸಾಫ್ಟಿಗೆ ಆದೇಶ ಮಾಡಿದರು. ಬ್ರೌಸರಿನ ಕಡತಗಳನ್ನು ಕಿತ್ತರೆ ವಿಂಡೋಸ್ ಏಳುವುದೇ ಇಲ್ಲ, ಬೇಕಿದ್ದರೆ ಏಳದ ವಿಂಡೋಸನ್ನೇ ಕೊಡುತ್ತೇವೆ ಎಂದಿತು ಕಂಪನಿ. ನ್ಯಾಯಾಧೀಶರು ಸುಮ್ಮನಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ತೆಗೆಸಿಯೇ ನೋಡಿದರು. 90 ಸೆಕೆಂಡು ಕೂಡ ಹಿಡಿಯಲಿಲ್ಲ, ಯಂತ್ರ ಚೆನ್ನಾಗಿಯೇ ಓಡಿತು. ನೀವು ತೆಗೆದದ್ದು ಮೇಲಿನ ಚಿತ್ರವನ್ನು ಮಾತ್ರ, ಒಳಗಿನ ಸರಕು ಅಲ್ಲೇ ಇದೆ ಎಂದರು ಕಂಪನಿಯವರು. ಚೀಲ ಹೋಗಿತ್ತು, ಬೆಕ್ಕು ಮನೆಯಲ್ಲೇ ಇತ್ತು.

1998ರಲ್ಲಿ ಶುರುವಾದ ದೊಡ್ಡ ಮೊಕದ್ದಮೆಯಲ್ಲಿ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಬ್ರೌಸರನ್ನು ಬೇರ್ಪಡಿಸುವ ಒಂದು ಪ್ರೋಗ್ರಾಮನ್ನೇ ಬರೆದು ಸಾಕ್ಷಿ ಹೇಳಿದರು. ಅದನ್ನು ಓಡಿಸಿದರೆ ವಿಂಡೋಸ್ ಹೇಗೆ ಕುಂಟುತ್ತದೆ ನೋಡಿ ಎಂದು ಕಂಪನಿ 1999ರಲ್ಲಿ ಕೋರ್ಟಿಗೆ ಒಂದು ವಿಡಿಯೊ ತೋರಿಸಿತು. ಸರ್ಕಾರದ ವಕೀಲ ಡೇವಿಡ್ ಬೋಯಿಸ್ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಕಿಟಕಿಯ ನೆತ್ತಿಯ ಮೇಲಿನ ಬರಹ ನಡುವೆಯೇ ಬದಲಾಗಿತ್ತು! ಕಂಪನಿಯವರು ಪ್ರಯೋಗವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಯಕ್ಷಗಾನದಲ್ಲಿ ಒಂದೇ ಪಾತ್ರ ಎರಡು ಕಿರೀಟ ಹಾಕಿಕೊಂಡು ಬಂದರೂ ಚೌಕಿಯ ಹುಡುಗರು ಹಿಡಿದುಬಿಡುತ್ತಾರೆ. ವಕೀಲರು ಬಿಡುತ್ತಾರೆಯೆ?

ಕಂಪನಿಯನ್ನೇ ಎರಡು ಹೋಳು ಮಾಡಿ ಎಂದು 2000ದಲ್ಲಿ ಬಂದ ತೀರ್ಪನ್ನು ಮರುವರ್ಷ ಮೇಲಿನ ಕೋರ್ಟು ತಳ್ಳಿಹಾಕಿತು. ಕೊನೆಗೆ ರಾಜಿಯಾಗಿ ವಿಂಡೋಸ್ ಎಕ್ಸ್‌ಪಿಗೆ ಒಂದು ಸವಲತ್ತು ಬಂತು. ಬ್ರೌಸರನ್ನು ತೆಗೆಯುವಂತಿಲ್ಲ, ಕಣ್ಣಿಗೆ ಬೀಳದಂತೆ ಅಡಗಿಸಬಹುದು. ನೆಂಟರು ಬಂದಾಗ ಬೆಕ್ಕನ್ನು ಉಗ್ರಾಣದಲ್ಲಿ ಕೂಡಿಹಾಕುವುದಿಲ್ಲವೆ, ಹಾಗೆ. ಯುರೋಪಿನವರು ಇನ್ನೂ ಗಟ್ಟಿಗರು. ನಿಮಗೆ ಯಾವ ಬ್ರೌಸರ್ ಬೇಕು ಎಂದು ಬಳಸುವವರನ್ನು ಕೇಳುವ ಪರದೆ 2010ರಿಂದ ಅಲ್ಲಿ ಕಡ್ಡಾಯವಾಯಿತು. ವಿಂಡೋಸಿನ ಒಂದು ಕಂತಿನಲ್ಲಿ ಆ ಪರದೆ ಬಿಟ್ಟುಹೋಯಿತು ಎಂಬ ಕಾರಣಕ್ಕೆ 2013ರಲ್ಲಿ ಕಂಪನಿಗೆ 56.1 ಕೋಟಿ ಯೂರೋ ದಂಡ ಹಾಕಿದರು. ನಾನು ರಿಪೇರಿ ಹುಡುಗನಿಗೆ ಕೊಟ್ಟ ಮುನ್ನೂರಕ್ಕೆ ಮರುಗಿದ್ದೆ. ಈ ಅಂಕಿ ಓದಿ ಮರುಗುವುದು ನಿಂತಿತು.

ಆ ಎಕ್ಸ್‌ಪ್ಲೋರರಿನ ಕತೆ 2022ರ ಜೂನ್ 15ರಂದು ಮುಗಿಯಿತು. ದಕ್ಷಿಣ ಕೊರಿಯಾದ ಗ್ಯೊಂಗ್‌ಜು ಊರಿನಲ್ಲಿ ಒಬ್ಬ ಎಂಜಿನಿಯರ್ ಅದಕ್ಕೊಂದು ಗೋರಿಕಲ್ಲು ಕಡೆಸಿ ನಿಲ್ಲಿಸಿದ. ಬೇರೆ ಬ್ರೌಸರುಗಳನ್ನು ಇಳಿಸಿಕೊಳ್ಳಲು ಇದು ಒಳ್ಳೆಯ ಸಾಧನವಾಗಿತ್ತು ಎಂಬರ್ಥದ ಮಾತು ಕೆತ್ತಿಸಿದ. ನಗು ಬಂತು, ಆದರೆ ಪೂರಾ ಬರಲಿಲ್ಲ. ಆ ದೇಶದಲ್ಲಿ ಬ್ಯಾಂಕು, ಸರ್ಕಾರಿ ಕಚೇರಿ ಎಲ್ಲ ವರ್ಷಗಟ್ಟಲೆ ಅದೊಂದರಲ್ಲೇ ತೆರೆಯುತ್ತಿದ್ದವು. ನಮ್ಮಲ್ಲೂ ಡಿಜಿಟಲ್ ಸಹಿ ಹಾಕುವ ಎಷ್ಟೋ ಸರ್ಕಾರಿ ಪುಟಗಳು ಬೇರೆ ಬ್ರೌಸರನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಬೈದುಕೊಂಡೇ ಅನ್ನ ಹಾಕಿದವರು ನಾವೇ.

ಪ್ರಾಕ್ಸಿ ಬಿಡಿಸಿದ ಸಂಜೆ ಹೆಂಡತಿ ಅಡುಗೆಮನೆಯಿಂದ ಲ್ಯಾಪ್‌ಟಾಪಿನ ಕಡೆ ಬಂದಳು.

"ರೀ, ಸದ್ಯ ಸರಿಹೋಯ್ತಲ್ಲ. ನಾಲ್ಕು ದಿನದಿಂದ ನನ್ನ ಬ್ರೌಸರ್ ತೆರೀತಾನೇ ಇರ್ಲಿಲ್ಲ."

"ನಿನ್ನ ಬ್ರೌಸರೆ? ಯಾವುದದು?"

ಅವಳು ತೋರಿಸಿದ್ದು ಅದನ್ನೇ. ಲ್ಯಾಪ್‌ಟಾಪ್ ಬಂದ ದಿನದಿಂದ ಅವಳು ಬಳಸುತ್ತಿದ್ದುದು ಅದನ್ನೇ. ಅಕ್ಷರ ದೊಡ್ಡದಾಗುತ್ತದಂತೆ. ಒಗ್ಗರಣೆ ಹಾಕುವಾಗ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದಂತೆ. "ನಡುವೆ ಒಂದು ವಾರ ಯಾರೋ ಅಳಿಸಿಬಿಟ್ಟಿದ್ರು. ಅಪ್‌ಡೇಟ್ ಒತ್ತಿದೆ, ವಾಪಸ್ ಬಂತು" ಎಂದಳು. ನಾನು ಆ 'ಯಾರೋ' ಯಾರೆಂದು ಹೇಳಲು ಹೋಗಲಿಲ್ಲ.

ರಾಮಿಯ ವಿಷಯವೂ ಹೀಗೆಯೇ ಇತ್ತು. ಮತ್ತೆರಡು ಸಲ ಅದನ್ನು ಚೀಲದಲ್ಲಿ ಕಟ್ಟಿ ಬಿಟ್ಟು ಬಂದ ಮೇಲೆ ಒಂದು ರಾತ್ರಿ ನೀರು ಕುಡಿಯಲು ಎದ್ದಿದ್ದೆ. ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಗರಟೆಯಲ್ಲಿ ಹಾಲು ಹಿಡಿದುಕೊಂಡು ಕತ್ತಲೆಯತ್ತ ಮೆಲ್ಲಗೆ ಕರೆಯುತ್ತಿದ್ದಳು. ಬೆಕ್ಕಿಲ್ಲದ ನಾಲ್ಕೇ ದಿನದಲ್ಲಿ ಇಲಿಗಳು ಅಟ್ಟದ ಮೇಲಿನ ಭತ್ತದ ಮೂಟೆಗೆ ತೂತು ಕೊರೆದಿದ್ದವು.

ಆ ಗೋಣಿಚೀಲ ಈಗಲೂ ಊರಿನ ಮನೆಯ ಅಟ್ಟದ ಮೇಲಿದೆ. ಮೂಲೆಯಲ್ಲಿ ಒಂದು ತೂತು ಬಿಟ್ಟರೆ ಗಟ್ಟಿಯಾಗಿಯೇ ಇದೆ. ಬೇಕಾದವರು ಬಂದು ಒಯ್ಯಬಹುದು.